ಸೂಕ್ಷ್ಮಜೀವಿಗಳ ಆಹಾರವೂ ಗೊಬ್ಬರದ ಗುಂಡಿಯ ಕೆಲಸವೂ

ಕಬ್ಬು ಕಟಾವಾದ ಮೇಲೆ ಗದ್ದೆಯಲ್ಲಿ ಉಳಿಯುವ ಒಣಗರಿಗೆ ಬೆಂಕಿಯಿಡುವ ವಾಡಿಕೆಯು ಅನೇಕ ಗ್ರಾಮಗಳಲ್ಲಿ ಈಗಲೂ ನಡೆದುಬರುತ್ತಿದೆ. ಇದನ್ನು ದಕ್ಷಿಣದ ಜಿಲ್ಲೆಗಳವರು ತರಗೆಂದೂ ಉತ್ತರದ ಜಿಲ್ಲೆಗಳವರು ರವದಿಯೆಂದೂ ಕರೆಯುವರು. ಎಕರೆಯೊಂದಕ್ಕೆ ಸುಮಾರು 3ರಿಂದ 4 ಟನ್ನುಗಳಷ್ಟಾಗುವ ಈ ಪದಾರ್ಥವು ಒಂದೇ ಸಂಜೆಯಲ್ಲಿ ಬೂದಿಯಾಗಿ, ಅದರಲ್ಲಿದ್ದ ಸಾರಜನಕದ ಬಹುಭಾಗವು ಹೊಗೆಯೊಡನೆ ಗಾಳಿಯ ಪಾಲಾಗುವುದು. ಹೀಗೇಕೆ ಮಾಡುವಿರೆಂದು ವಿಚಾರಿಸಿದರೆ, ‘ತರಗು ಕೊಳೆಯುವುದಿಲ್ಲ, ಗುಂಡಿಗೆ ಹಾಕಿ ವರ್ಷ ಕಳೆದರೂ ಹಾಗೆಯೇ ಇರುತ್ತದೆ’ ಎಂಬ ಉತ್ತರವು ಬರುವುದು. ಇನ್ನು ಕೆಲವರು, ತರಗನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳಿವೆಯೆಂದು ಹೇಳಿ ಮಾರುವ ಸೀಸೆಗಳನ್ನು ಕೊಂಡು, ಬೆಲ್ಲದ ನೀರಿನಲ್ಲಿ ಕಲಸಿ, ರಾಶಿಯ ಮೇಲೆ ಚಿಮುಕಿಸಿ, ಫಲವನ್ನು ಕಾಣದೆ ಬೇಸರಪಟ್ಟು, ಮರುವರ್ಷ ಮತ್ತೆ ಬೆಂಕಿಯನ್ನೇ ಹಿಡಿಯುವರು.

ಈ ಎರಡು ವರ್ಗದ ಮಹನೀಯರಿಗೂ ನಾನು ಅರಿಕೆ ಮಾಡಿಕೊಳ್ಳತಕ್ಕ ವಿಷಯವು ಒಂದೇ. ನಮ್ಮ ಗುಂಡಿಗಳಲ್ಲಿ ಸೂಕ್ಷ್ಮಜೀವಿಗಳಿಗೆ ಬರಗಾಲವಿಲ್ಲ. ಒಂದು ಹಿಡಿ ಸಗಣಿಯಲ್ಲಿ ಅವು ಕೋಟಿ ಕೋಟಿ ಸಂಖ್ಯೆಯಲ್ಲಿರುವುವು. ಕೊರತೆಯಿರುವುದು ನಾವು ಅವುಗಳಿಗೆ ಇಕ್ಕುವ ಆಹಾರದ ಅಳತೆಯಲ್ಲಿ. ಆ ಅಳತೆಯನ್ನು ಸರಿಪಡಿಸದೆ ಎಷ್ಟು ಸೀಸೆಗಳನ್ನು ಸುರಿದರೂ ಹಣವು ವ್ಯರ್ಥವೇ ಸರಿ. ಇದು ಹೇಗೆಂಬುದನ್ನು ವಿವರಿಸುವುದಕ್ಕೆ, ಸೂಕ್ಷ್ಮಜೀವಿಗಳು ಕೆಲಸ ಮಾಡುವ ಕ್ರಮವನ್ನು ಸ್ವಲ್ಪ ತಿಳಿಯಬೇಕಾಗುತ್ತದೆ.

ಹಾಲಿಗೆ ಹೆಪ್ಪು ಹಾಕುವುದನ್ನು ಎಲ್ಲರೂ ಬಲ್ಲರು. ಒಂದು ಚಮಚ ಮೊಸರಿನಲ್ಲಿರುವ ಸೂಕ್ಷ್ಮಜೀವಿಗಳು, ಉಗುರುಬೆಚ್ಚಗಿನ ಹಾಲಿನಲ್ಲಿ ಸೇರಿ, ಅಲ್ಲಿಯ ಸಕ್ಕರೆಯನ್ನು ಒಡೆದು ಹುಳಿಯನ್ನುಂಟುಮಾಡಿ, ರಾತ್ರಿ ಕಳೆಯುವುದರೊಳಗೆ ಪಾತ್ರೆಯನ್ನೆಲ್ಲ ಮೊಸರಾಗಿಸುವುವು. ಅದೇ ಹೆಪ್ಪನ್ನು ನೀರಿಗೆ ಹಾಕಿದರೆ ಏನೂ ಆಗದು. ಹೆಪ್ಪಿನ ಗುಣವು ಎಷ್ಟೇ ಚೆನ್ನಾಗಿದ್ದರೂ ನೀರು ಮೊಸರಾಗಲಾರದೆಂಬುದನ್ನು ನಮ್ಮ ಮನೆಯ ಹೆಂಗಸರಿಗೆ ಯಾರೂ ಕಲಿಸಬೇಕಾದುದಿಲ್ಲ. ಆದರೆ ಗೊಬ್ಬರದ ಗುಂಡಿಯ ವಿಷಯದಲ್ಲಿ ಈ ಸುಲಭವಾದ ತತ್ತ್ವವನ್ನು ನಾವು ಮರೆತಿದ್ದೇವೆ.

ಸೂಕ್ಷ್ಮಜೀವಿಗೆ ಬಾಯಿಯೂ ಇಲ್ಲ, ಹಲ್ಲೂ ಇಲ್ಲ. ಹುಲ್ಲು, ತರಗು, ಹಿಟ್ಟು ಮುಂತಾದ ದೊಡ್ಡ ಪದಾರ್ಥಗಳನ್ನು ಅದು ನುಂಗಲಾರದು. ಆದಕಾರಣ ತನ್ನ ಮೈಯಿಂದ ಒಂದು ಬಗೆಯ ರಸವಸ್ತುವನ್ನು ಹೊರಕ್ಕೆ ಬಿಟ್ಟು, ಆ ಪದಾರ್ಥಗಳನ್ನು ಹೊರಗೇ ಕರಗಿಸಿ, ಕರಗಿದ ಸಕ್ಕರೆಯನ್ನು ಒಳಕ್ಕೆ ಎಳೆದುಕೊಳ್ಳುವುದು. ಹೀಗೆ ಕರಗಿಸುವ ವಸ್ತುವಿಗೆ ಕಿಣ್ವವೆಂದು ಹೆಸರು. ಜೀವಿಯಿಂದ ಬೇರ್ಪಡಿಸಿದ ಮೇಲೆಯೂ ಕಿಣ್ವವು ತನ್ನ ಕೆಲಸವನ್ನು ಮಾಡಬಲ್ಲುದೆಂಬುದನ್ನು ಜರ್ಮನಿಯ ಬುಖ್ನರ್ ಎಂಬ ವಿದ್ವಾಂಸರು 1897ರಲ್ಲಿ ಯೀಸ್ಟನ್ನು ಅರೆದು ಹಿಂಡಿದ ರಸದಿಂದ ಸಿದ್ಧಪಡಿಸಿ ತೋರಿಸಿದರು. ಅದಕ್ಕಾಗಿ 1907ರಲ್ಲಿ ಅವರಿಗೆ ನೊಬೆಲ್ ಬಹುಮಾನವು ದೊರೆಯಿತು. ಕುಡುಗೋಲು ಕುಯಿಲಿಗೆ ಹೇಗೋ, ಗುದ್ದಲಿ ಅಗೆತಕ್ಕೆ ಹೇಗೋ, ಸೂಕ್ಷ್ಮಜೀವಿಗೆ ಕಿಣ್ವವು ಹಾಗೆ. ಒಂದೊಂದು ಕೆಲಸಕ್ಕೆ ಒಂದೊಂದು ಬೇರೆಯ ಉಪಕರಣ. ಹಿಟ್ಟನ್ನು ಕರಗಿಸುವ ಕಿಣ್ವವು ನಾರನ್ನು ಕರಗಿಸದು; ನಾರನ್ನು ಕರಗಿಸುವುದು ಮಾಂಸವನ್ನು ಮುಟ್ಟದು.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಸಂಗತಿಯೇನೆಂದರೆ, ಸೂಕ್ಷ್ಮಜೀವಿಯು ಎಲ್ಲ ಉಪಕರಣಗಳನ್ನೂ ಸದಾಕಾಲವೂ ಸಿದ್ಧಮಾಡಿಟ್ಟುಕೊಂಡಿರುವುದಿಲ್ಲ. ಕಿಣ್ವವನ್ನು ತಯಾರಿಸುವುದು ಅದಕ್ಕೆ ಖರ್ಚಿನ ಕೆಲಸ. ಅಗತ್ಯವಿದ್ದಲ್ಲಿ ಮಾತ್ರ ಆ ಖರ್ಚಿಗೆ ಕೈಹಾಕುವುದು. ಫ್ರಾನ್ಸ್ ದೇಶದ ಜಾಕ್ ಮೊನೋ ಎಂಬುವರು 1940ರ ದಶಕದ ಆರಂಭದಲ್ಲಿ ಸೂಕ್ಷ್ಮಜೀವಿಗಳಿಗೆ ಎರಡು ಬಗೆಯ ಸಕ್ಕರೆಗಳನ್ನು ಒಟ್ಟಿಗೆ ಕೊಟ್ಟು ಅವುಗಳ ಬೆಳವಣಿಗೆಯನ್ನು ಅಳೆದರು. ಗ್ಲೂಕೋಸ್ ಎಂಬ ಸುಲಭವಾದ ಸಕ್ಕರೆಯಿರುವವರೆಗೆ ಅವು ಅದನ್ನೇ ತಿಂದುವು. ಅದು ಮುಗಿದೊಡನೆ ಬೆಳವಣಿಗೆಯು ಸ್ವಲ್ಪ ಕಾಲ ನಿಂತುಹೋಯಿತು. ಆ ಬಿಡುವಿನಲ್ಲಿ ಎರಡನೆಯ ಸಕ್ಕರೆಗೆ ಬೇಕಾದ ಕಿಣ್ವವನ್ನು ತಯಾರಿಸಿಕೊಂಡು ಅನಂತರ ಮತ್ತೆ ಬೆಳೆಯತೊಡಗಿದುವು. ಸಿದ್ಧಾನ್ನವಿರುವಾಗ ಒಲೆ ಹಚ್ಚುವವರುಂಟೆ? ಈ ನಿಯಮವು ಜೀವಿಯೊಳಗೆ ಹೇಗೆ ನಡೆಯುತ್ತದೆಂಬುದನ್ನು ಮೊನೋ ಅವರೂ ಅವರ ಜೊತೆಗಾರರಾದ ಫ್ರಾನ್ಸ್ವಾ ಜಾಕೋಬ್ ಅವರೂ 1961ರಲ್ಲಿ ವಿವರಿಸಿದರು. ಕಿಣ್ವದ ತಯಾರಿಕೆಗೆ ಜೀವಿಯೊಳಗೇ ಒಂದು ಬೀಗವಿದ್ದು, ಆಹಾರದ ಬಗೆಯೇ ಆ ಬೀಗವನ್ನು ತೆರೆಯುವ ಮತ್ತು ಮುಚ್ಚುವ ಕೀಲಿಕೈಯಾಗಿರುವುದೆಂಬುದು ಅವರ ಮತದ ಸಾರಾಂಶ. ಇವರಿಬ್ಬರಿಗೂ ಆಂದ್ರೆ ಲ್ವೋಫ್ ಅವರಿಗೂ 1965ರಲ್ಲಿ ನೊಬೆಲ್ ಬಹುಮಾನವು ಸಂದಿತು.

ಕಿಣ್ವಗಳನ್ನೇ ಸರಕಾಗಿ ತಯಾರಿಸುವ ಕಾರ್ಖಾನೆಗಳವರು ಈ ನಿಯಮವನ್ನು ನಂಬಿಯೇ ವ್ಯಾಪಾರ ನಡೆಯಿಸುತ್ತಿರುವರು. ಬಟ್ಟೆಗೆ ಹಾಕಿದ ಗಂಜಿಯನ್ನು ಬಿಡಿಸುವ ಕಿಣ್ವವೂ, ಬಟ್ಟೆ ಒಗೆಯುವ ಪುಡಿಯಲ್ಲಿ ಬೆರೆಸುವ ಕಿಣ್ವವೂ ಬಹುಮಟ್ಟಿಗೆ ಬ್ಯಾಸಿಲಸ್ ಎಂಬ ಜಾತಿಯ ಸೂಕ್ಷ್ಮಜೀವಿಗಳಿಂದ ಬರತಕ್ಕವು. ಇವು ನಮ್ಮ ಹೊಲದ ಮಣ್ಣಿನಲ್ಲಿಯೂ ಹುಲ್ಲಿನ ಮೇಲೆಯೂ ಇರತಕ್ಕ ಜೀವಿಗಳೇ. ದೊಡ್ಡ ತೊಟ್ಟಿಗಳಲ್ಲಿ ಇವುಗಳನ್ನು ಬೆಳೆಸುವಾಗ ಸಕ್ಕರೆಯನ್ನು ಒಂದೇ ಸಲಕ್ಕೆ ಸುರಿದುಬಿಟ್ಟರೆ ಜೀವಿಗಳು ಕೊಬ್ಬಿ ಹೆಚ್ಚುವುವೇ ಹೊರತು ಕಿಣ್ವವನ್ನು ಬಿಡುವುದು ಅತ್ಯಲ್ಪ. ಆದುದರಿಂದ ಸಕ್ಕರೆಯನ್ನು ತೊಟ್ಟು ತೊಟ್ಟಾಗಿ, ಹಾಕಿದಷ್ಟೂ ಆಗಿಂದಾಗ್ಗೆ ಖರ್ಚಾಗುವಂತೆ ಕೊಡುವರು. ಸಾರಜನಕದ ವಿಷಯದಲ್ಲಿಯೂ ಹೀಗೆಯೇ. ಅಮೋನಿಯ ಮೊದಲಾದ ಸಿದ್ಧರೂಪದ ಸಾರಜನಕವು ಯಥೇಚ್ಛವಾಗಿದ್ದಾಗ, ಸಸಾರಜನಕ ಪದಾರ್ಥಗಳನ್ನು ಒಡೆಯುವ ಕಿಣ್ವದ ತಯಾರಿಕೆಯು ಕುಂದುವುದು. ಜೀವಿಯ ಜಾತಿಯು ಒಂದೇ ಇದ್ದರೂ ಆಹಾರದ ಅಳತೆಯನ್ನು ಬಲ್ಲ ಕಾರ್ಖಾನೆಗೆ ಲಾಭವೂ, ಅರಿಯದ ಕಾರ್ಖಾನೆಗೆ ನಷ್ಟವೂ ಉಂಟಾಗುವುದು.

ಈಗ ನಮ್ಮ ಗುಂಡಿಗೆ ಬರೋಣ. ತರಗಿನ ಬಹುಭಾಗವು ಸೆಲ್ಯುಲೋಸ್ ಎಂಬ ನಾರು. ಇದನ್ನು ಕರಗಿಸುವ ಕಿಣ್ವವನ್ನು ತಯಾರಿಸಬಲ್ಲ ಸೂಕ್ಷ್ಮಜೀವಿಗಳೂ ಬೂಷ್ಟುಗಳೂ ಸಗಣಿಯಲ್ಲಿಯೂ ಮಣ್ಣಿನಲ್ಲಿಯೂ ಧಾರಾಳವಾಗಿವೆ. ನಾರಿನಿಂದ ಮುರಿದುಬಂದ ಸಣ್ಣ ತುಣುಕುಗಳೇ ಈ ಕಿಣ್ವದ ತಯಾರಿಕೆಗೆ ಪ್ರೇರಕಗಳು. ಸಿದ್ಧವಾದ ಸಕ್ಕರೆಯು ಅದಕ್ಕೆ ತಡೆ. ಹೀಗಿರುವಲ್ಲಿ, ಬೇಗ ಕೊಳೆಯಲೆಂದು ರಾಶಿಗೆ ಬೆಲ್ಲವನ್ನು ಧಾರಾಳವಾಗಿ ಸುರಿಯುವುದರ ಫಲವೇನು? ಬೆಲ್ಲವನ್ನು ತಿಂದು ಸೂಕ್ಷ್ಮಜೀವಿಗಳು ಒಂದೆರಡು ದಿನ ಅಪಾರವಾಗಿ ಹೆಚ್ಚುವುವು, ರಾಶಿಯು ಬೆಚ್ಚಗಾಗುವುದು, ಯಜಮಾನನಿಗೆ ಸಂತೋಷವಾಗುವುದು. ಬೆಲ್ಲ ಮುಗಿದ ಮೇಲೆ ತರಗು ತರಗಾಗಿಯೇ ಉಳಿಯುವುದು. ಅಲ್ಪ ಪ್ರಮಾಣದ ಬೆಲ್ಲವು ಆರಂಭದಲ್ಲಿ ಜೀವಿಗಳ ಸಂಖ್ಯೆಯನ್ನು ಹೆಚ್ಚಿಸಲು ನೆರವಾಗಬಹುದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆಳುಗಳ ಸಂಖ್ಯೆಯು ಬೇರೆ, ಆದ ಕೆಲಸವು ಬೇರೆ ಎಂಬುದನ್ನು ಬೇಸಾಯಗಾರನಿಗೆ ಹೇಳಬೇಕಾದುದಿಲ್ಲವಷ್ಟೆ.

ಬೆಲ್ಲವಿಲ್ಲದ ರಾಶಿಯೂ ಏಕೆ ಕೊಳೆಯದೆ ಉಳಿಯುವುದೆಂಬ ಪ್ರಶ್ನೆಯು ಇಲ್ಲಿ ಹುಟ್ಟುವುದು ಸಹಜ. ಆಳು ಸುಮ್ಮನೆ ಕೂರುವುದಕ್ಕೆ ಎರಡು ಕಾರಣಗಳುಂಟು: ದುಡಿಯುವ ಅಗತ್ಯವಿಲ್ಲದಿರುವುದು ಒಂದು, ಉಪಕರಣಕ್ಕೆ ಸಾಮಗ್ರಿಯಿಲ್ಲದಿರುವುದು ಇನ್ನೊಂದು. ನಮ್ಮ ಗುಂಡಿಗಳಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದೇ. ಕಿಣ್ವವು ಸಸಾರಜನಕ ವಸ್ತು. ಅದರ ತೂಕದಲ್ಲಿ ನೂರಕ್ಕೆ ಸುಮಾರು 16 ಪಾಲು ಸಾರಜನಕವಿರುವುದು. ಒಣ ತರಗಿನಲ್ಲಿಯಾದರೋ ಇಂಗಾಲವು ನೂರಕ್ಕೆ 40 ಪಾಲಿನಷ್ಟಿದ್ದು, ಸಾರಜನಕವು ಅರ್ಧ ಪಾಲೂ ಇರುವುದಿಲ್ಲ. ಕಬ್ಬಿಣವಿಲ್ಲದ ಊರಿನಲ್ಲಿ ಕಮ್ಮಾರನಿದ್ದು ಫಲವೇನು? ಸೀಸೆಯಲ್ಲಿ ತಂದ ಹೊಸ ಕಮ್ಮಾರನೂ ಅಲ್ಲಿ ಕೈಕಟ್ಟಿ ಕೂರಬೇಕಾಗುವುದು.

ಸೂಕ್ಷ್ಮಜೀವಿಯು ತನ್ನ ಮೈಯನ್ನು ಕಟ್ಟಿಕೊಳ್ಳುವುದಕ್ಕೆ ಸಾರಜನಕದ ಒಂದು ಪಾಲಿಗೆ ಇಂಗಾಲದ ಸುಮಾರು 8 ಪಾಲು ಬೇಕು. ಉಸಿರಾಟದಲ್ಲಿ ಮತ್ತೆ ಅದರ ಎರಡರಷ್ಟು, ಎಂದರೆ 16 ಪಾಲು ಇಂಗಾಲವು ಖರ್ಚಾಗುವುದು. ಅಂತು 24 ಪಾಲಾಯಿತು. ರಾಶಿಯಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲವು 25ರಿಂದ 30 ಪಾಲು ಇರುವಂತೆ ನೋಡಿಕೊಳ್ಳಬೇಕೆಂಬ ನಿಯಮವು ಇದರಿಂದಲೇ ಬಂದಿರುವುದು. ಕಬ್ಬಿನ ತರಗಿನಲ್ಲಿ ಈ ಪ್ರಮಾಣವು ಒಂದಕ್ಕೆ ನೂರರ ಸುಮಾರಿನಲ್ಲಿಯೂ, ಭತ್ತದ ಹುಲ್ಲಿನಲ್ಲಿ 60ರಿಂದ 80ರವರೆಗೂ, ಹಸಿ ಸಗಣಿಯಲ್ಲಿ 20ರಿಂದ 25ರವರೆಗೂ ಇರುವುದು.

ಇದನ್ನು ಲೆಕ್ಕ ಹಾಕಿ ನೋಡಿದರೆ ನಮ್ಮ ಪದ್ಧತಿಯ ದೋಷವು ಸ್ಪಷ್ಟವಾಗುತ್ತದೆ. 100 ಕಿಲೋಗ್ರಾಂ ಒಣ ತರಗಿನಲ್ಲಿ 40 ಕಿಲೋಗ್ರಾಂ ಇಂಗಾಲವೂ 0.4 ಕಿಲೋಗ್ರಾಂ ಸಾರಜನಕವೂ ಇವೆಯೆಂದು ಇಟ್ಟುಕೊಳ್ಳೋಣ. ಇದನ್ನು ಸಗಣಿಯೊಂದರಿಂದಲೇ 30ರ ಪ್ರಮಾಣಕ್ಕೆ ತರಬೇಕಾದರೆ ಸುಮಾರು 700 ಕಿಲೋಗ್ರಾಂ ಹಸಿ ಸಗಣಿ ಬೇಕಾಗುವುದು. ಅಷ್ಟು ಸಗಣಿಯನ್ನು ಯಾರು ತಾನೇ ಹಾಕಬಲ್ಲರು? ಆದರೆ ಗಂಜಲದಲ್ಲಿ ನೂರಕ್ಕೆ ಒಂದು ಪಾಲಿನ ಸುಮಾರಿನಷ್ಟು ಸಾರಜನಕವುಂಟು. 100 ಕಿಲೋಗ್ರಾಂ ತರಗಿಗೆ 200 ಕಿಲೋಗ್ರಾಂ ಹಸಿ ಸಗಣಿಯನ್ನೂ 65ರಿಂದ 70 ಲೀಟರ್ ಗಂಜಲವನ್ನೂ ಸೇರಿಸಿದರೆ ಅಳತೆಯು ಸರಿಹೋಗುವುದು. ದನಕರುಗಳಿಲ್ಲದವರು, 100 ಕಿಲೋಗ್ರಾಂ ತರಗಿಗೆ 2 ಕಿಲೋಗ್ರಾಂ ಯೂರಿಯಾವನ್ನು ನೀರಿನಲ್ಲಿ ಕರಗಿಸಿ, ಪದರಪದರವಾಗಿ ಚಿಮುಕಿಸಿ, ಮೇಲೆ ಸ್ವಲ್ಪ ಹಳೆಯ ಗೊಬ್ಬರವನ್ನು ಎರಚಬಹುದು. ಈ ಅಂಕಿಗಳು ಅಂದಾಜಿನವು. ಪದಾರ್ಥದ ಗುಣವನ್ನನುಸರಿಸಿ ಸ್ವಲ್ಪ ಹೆಚ್ಚು ಕಡಿಮೆಯಾಗಬಹುದು. ತೂಕ ಮಾಡುವುದಕ್ಕೆ ಅನುಕೂಲವಿಲ್ಲದವರು ಒಂದು ಸಲ ಒಂದು ಹೊರೆಯನ್ನೂ ಒಂದು ಬುಟ್ಟಿಯನ್ನೂ ತೂಗಿಟ್ಟುಕೊಂಡು, ಆಮೇಲೆ ಹೊರೆ ಬುಟ್ಟಿಗಳ ಲೆಕ್ಕದಲ್ಲಿಯೇ ನಡೆಯಿಸಬಹುದು.

ಇಷ್ಟರಿಂದ ವಾಚಕರು ಊಹಿಸಿರಬಹುದಾದ ವಿಷಯವೊಂದಿದೆ. ನಾವು ಪ್ರತಿದಿನವೂ ಕೊಟ್ಟಿಗೆಯ ಚರಂಡಿಯಲ್ಲಿ ಹರಿಯಬಿಡುತ್ತಿರುವ ಗಂಜಲವೇ ನಮ್ಮ ತರಗಿಗೆ ಬೇಕಾದ ಮದ್ದು. ಗಂಜಲದಲ್ಲಿರುವ ಯೂರಿಯಾವು ಸೂಕ್ಷ್ಮಜೀವಿಗಳ ಕಿಣ್ವದಿಂದಲೇ ಬೇಗನೆ ಅಮೋನಿಯವಾಗಿ ಮಾರ್ಪಟ್ಟು ಗಾಳಿಗೆ ಹಾರಿಹೋಗುವುದು. ಕೊಟ್ಟಿಗೆಯಲ್ಲಿ ಬೆಳಗಿನ ಹೊತ್ತು ಮೂಗಿಗೆ ಚುಚ್ಚುವ ವಾಸನೆಯು ಯಜಮಾನನ ಸಂಪತ್ತು ಹಾರಿಹೋಗುತ್ತಿರುವ ಸೂಚನೆ. ದನಗಳ ಕಾಲಡಿಯಲ್ಲಿ ತರಗನ್ನೂ ಒಣಮಣ್ಣನ್ನೂ ಹಾಸಿದರೆ, ಅವು ಗಂಜಲವನ್ನು ಹೀರಿ, ಸೂಕ್ಷ್ಮಜೀವಿಗಳು ಆ ಸಾರಜನಕವನ್ನು ತಮ್ಮ ಮೈಗೆ ಸೇರಿಸಿಕೊಂಡು ಕಾಪಾಡುವುವು. ದನಗಳು ತುಳಿಯುವುದರಿಂದ ತರಗೂ ನುಗ್ಗಾಗಿ ಕಿಣ್ವವು ಒಳಹೊಗುವುದಕ್ಕೆ ಸುಲಭವಾಗುವುದು.

ಇದು ಹೊಸದಾಗಿ ಹೇಳುತ್ತಿರುವ ಮಾತಲ್ಲ. 1924ರಿಂದ 1931ರವರೆಗೆ ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡ್ ಎಂಬುವರು ನಡೆಯಿಸಿದ ಪ್ರಯೋಗಗಳಲ್ಲಿ, ಸಸ್ಯದ ಕಸ, ಸಗಣಿ, ಗಂಜಲ ಕುಡಿದ ಮಣ್ಣು, ಬೂದಿ ಇವುಗಳನ್ನು ಗೊತ್ತಾದ ಕ್ರಮದಲ್ಲಿ ಪದರಪದರವಾಗಿ ಹಾಕಿ, ಮೂರು ಸಲ ತಿರುವಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರವನ್ನು ಸಿದ್ಧಪಡಿಸುವ ವಿಧಾನವು ರೂಪುಗೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯರು 1939ರ ಸುಮಾರಿನಲ್ಲಿ ರೂಪಿಸಿದ ಪದ್ಧತಿಯು ಬೆಂಗಳೂರು ವಿಧಾನವೆಂದೇ ಹೆಸರಾಗಿದೆ. ಅದರಲ್ಲಿ ಪದರಗಳನ್ನು ತುಂಬಿದ ಕೆಲವು ದಿನಗಳ ಮೇಲೆ ಗುಂಡಿಯ ಬಾಯನ್ನು ಮಣ್ಣಿನಿಂದ ಮೆತ್ತಿಬಿಡುವರು. ತಿರುವಿಹಾಕುವ ಕೂಲಿಯೂ ನೀರೂ ಉಳಿಯುವುವು, ಕಾಲಮಾತ್ರ ಆರು ಎಂಟು ತಿಂಗಳು ಹಿಡಿಯುವುದು. ಈ ಎರಡು ವಿಧಾನಗಳಲ್ಲಿಯೂ ಸಾರಜನಕ ಕಡಮೆಯಿರುವ ಕಸವನ್ನೂ ಅದು ಹೆಚ್ಚಾಗಿರುವ ಪದಾರ್ಥವನ್ನೂ ಅಳತೆಯಿಂದ ಕೂಡಿಸುವುದೇ ಜೀವಾಳ. ಕೂಲಿಯ ಅಭಾವವಿರುವ ಗ್ರಾಮಕ್ಕೆ ಬೆಂಗಳೂರು ವಿಧಾನವೂ, ಬೇಗನೆ ಗೊಬ್ಬರ ಬೇಕೆನ್ನುವ ತೋಟಗಾರನಿಗೆ ಇಂದೂರಿನ ವಿಧಾನವೂ ಅನುಕೂಲವೆಂದು ನನ್ನ ಅಭಿಪ್ರಾಯ.

ಸಾರಜನಕವು ಒಳ್ಳೆಯದೆಂದು ಮಿತಿಮೀರಿ ಹಾಕುವುದೂ ತಪ್ಪೇ. ಇಂಗಾಲವು 15 ಪಾಲಿಗಿಂತ ಕಡಮೆಯಾದ ರಾಶಿಯಿಂದ ಅಮೋನಿಯವು ಹಾರಿಹೋಗಿ ನಷ್ಟವಾಗುವುದು. ಹೊಲದಲ್ಲಿಯೂ ಇದೇ ನಿಯಮವು ಬೇರೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ತೊಗರಿ, ಅವರೆ, ಅಲಸಂದೆ, ನೆಲಗಡಲೆ ಇವುಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ನೈಟ್ರೋಜಿನೇಸ್ ಎಂಬ ಕಿಣ್ವದಿಂದ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುವುವು. ಮಣ್ಣಿನಲ್ಲಿ ಸಿದ್ಧವಾದ ಸಾರಜನಕವನ್ನು ನಾವೇ ರಾಶಿ ಹಾಕಿದರೆ ಗಂಟುಗಳು ವಿರಳವಾಗಿ, ಆ ಕಿಣ್ವದ ಕೆಲಸವೂ ಕುಗ್ಗುವುದು. ಆದಕಾರಣವೇ ದ್ವಿದಳ ಧಾನ್ಯಗಳಿಗೆ ಬಿತ್ತನೆಯ ಕಾಲದಲ್ಲಿ ಅಲ್ಪ ಪ್ರಮಾಣದ ಸಾರಜನಕವನ್ನು ಮಾತ್ರ ಕೊಡಬೇಕೆಂದು ಸಲಹೆ ಮಾಡುವುದು. ಸಂಶಯವಿದ್ದವರು ಹೂ ಬಿಡುವ ಕಾಲಕ್ಕೆ ಒಂದು ಗಿಡವನ್ನು ಮೆಲ್ಲನೆ ಅಗೆದು, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಲಿ. ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೆಯುತ್ತಿದೆಯೆಂದು ತಿಳಿಯಬೇಕು.

ಇಷ್ಟು ಹೇಳಿದ ಮೇಲೆ ಕೆಲವು ಆಕ್ಷೇಪಣೆಗಳು ಬರುವುವು. ‘ನಮ್ಮ ಹಿರಿಯರು ಅಳತೆಯಿಲ್ಲದೆಯೇ ಗೊಬ್ಬರ ಮಾಡಿದರಲ್ಲ’ ಎನ್ನುವವರುಂಟು. ನಿಜ, ಆದರೆ ಅವರ ಮನೆಯಲ್ಲಿ ದನಗಳು ಹೆಚ್ಚಾಗಿದ್ದುವು, ತಿಪ್ಪೆಗೆ ಬೀಳುತ್ತಿದ್ದ ಕಸವು ಕಡಮೆಯಿತ್ತು. ಈಗ ಉಳುಮೆಗೆ ಯಂತ್ರ ಬಂದು ದನಗಳು ಕಡಮೆಯಾಗಿವೆ, ಒಣಕಸವು ಹೆಚ್ಚಿದೆ. ಅಂದು ತಾನಾಗಿಯೇ ಒದಗುತ್ತಿದ್ದ ಅಳತೆಯನ್ನು ಇಂದು ನಾವು ತಿಳಿದು ಒದಗಿಸಬೇಕಾಗಿದೆ. ‘ಹಾಗಾದರೆ ಮಾರುವ ಸೂಕ್ಷ್ಮಜೀವಿಗಳೆಲ್ಲವೂ ನಿರುಪಯೋಗಿಗಳೋ’ ಎಂದು ಕೇಳುವವರುಂಟು. ಹಾಗೆ ಹೇಳುವುದು ಅನ್ಯಾಯವಾದೀತು. ಆ ಬೆಳೆಯನ್ನು ಹಿಂದೆಂದೂ ಬೆಳೆಯದ ಹೊಲದಲ್ಲಿ ದ್ವಿದಳ ಬೀಜಕ್ಕೆ ರೈಜೋಬಿಯಂ ಲೇಪಿಸಿ ಬಿತ್ತುವುದರಿಂದ ಪ್ರಯೋಜನವುಂಟು. ಆಹಾರವನ್ನು ಸರಿಪಡಿಸಿದ ಗುಂಡಿಗೆ ಒಳ್ಳೆಯ ಹೆಪ್ಪನ್ನು ಹಾಕಿದರೂ ಕೆಡಕಿಲ್ಲ. ನನ್ನ ಆಕ್ಷೇಪವು ಹೆಪ್ಪೇ ಹಾಲಿನ ಕೆಲಸವನ್ನೂ ಮಾಡುವುದೆಂಬ ನಂಬಿಕೆಗೆ ಮಾತ್ರ.

ಸರಿಯಾಗಿ ಕೊಳೆಯದ ತರಗನ್ನು ಹೊಲಕ್ಕೆ ಸೇರಿಸಿ ಕೂಡಲೇ ಬಿತ್ತಿದರೆ ಬೆಳೆಯು ಹಳದಿಯಾಗುವುದನ್ನು ಅನೇಕರು ಕಂಡಿರಬಹುದು. ಗುಂಡಿಯಲ್ಲಿ ಸಿಗದ ಸಾರಜನಕವನ್ನು ಸೂಕ್ಷ್ಮಜೀವಿಗಳು ಮಣ್ಣಿನಿಂದ ಕಿತ್ತುಕೊಳ್ಳುವುದೇ ಇದಕ್ಕೆ ಕಾರಣ. ಜೀವಿಗಳ ಪಾಲನ್ನು ನಾವು ಮೊದಲೇ ಕೊಡದಿದ್ದರೆ ಅವು ಬೆಳೆಯ ಪಾಲಿನಿಂದ ವಸೂಲು ಮಾಡಿಕೊಳ್ಳುವುವು. ಹೆಚ್ಚು ಜಮೀನುಳ್ಳವನು ಒಂದು ಬೆಳೆಯ ನಷ್ಟವನ್ನು ತಡೆದುಕೊಳ್ಳಬಲ್ಲನು. ಒಂದೆರಡು ಎಕರೆಯನ್ನೇ ನಂಬಿದವನು, ಅಥವಾ ವಾರಕ್ಕೆ ಮಾಡುವವನು, ಒಮ್ಮೆ ಹೀಗೆ ಕೆಟ್ಟನೆಂದರೆ ತರಗಿನ ಗೊಬ್ಬರದ ಹೆಸರನ್ನೇ ಮತ್ತೆ ಎತ್ತಲಾರನು. ಊರಿನಲ್ಲಿ ದೊಡ್ಡ ಹಿಡುವಳಿದಾರರು ಮಾಡಿದುದನ್ನೇ ಉಳಿದವರು ಅನುಸರಿಸುವುದರಿಂದ, ತಪ್ಪು ದಾರಿಯ ಹೊಣೆಯೂ ಸರಿದಾರಿಯ ಹೊಣೆಯೂ ಅವರ ಮೇಲೆಯೇ ಹೆಚ್ಚಾಗಿರುವುದು.

ಆದುದರಿಂದ ಗ್ರಾಮದ ಯಜಮಾನರೂ ಭೂಮಾಲಿಕರೂ ಈ ವರ್ಷ ಒಂದು ಪರೀಕ್ಷೆಯನ್ನು ತಮ್ಮ ಹಿತ್ತಲಿನಲ್ಲಿಯೇ ಮಾಡಿ ನೋಡಬೇಕೆಂದು ಕೋರುತ್ತೇನೆ. ಕಬ್ಬು ಕಡಿದ ಕೂಡಲೇ ಒಂದೇ ಅಳತೆಯ ಎರಡು ರಾಶಿಗಳನ್ನು ಪಕ್ಕಪಕ್ಕದಲ್ಲಿ ಹಾಕಲಿ. ಒಂದಕ್ಕೆ ಎಂದಿನಂತೆ ತರಗನ್ನೂ ಕೈಗೆ ಬಂದಷ್ಟು ಸಗಣಿಯನ್ನೂ ಹಾಕಲಿ. ಇನ್ನೊಂದಕ್ಕೆ ಮೇಲೆ ಹೇಳಿದ ಅಳತೆಯಲ್ಲಿ ಸಗಣಿಯನ್ನೂ ಗಂಜಲವನ್ನೂ ಸೇರಿಸಲಿ. ಎರಡಕ್ಕೂ ತೇವವು ಸಮನಾಗಿರಬೇಕು. ಒಂದು ಹಿಡಿಯನ್ನು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಒಂದು ಕಬ್ಬಿಣದ ಸಲಾಕೆಯನ್ನು ರಾಶಿಯ ನಡುವಿಗೆ ಚುಚ್ಚಿಟ್ಟು, ನಾಲ್ಕನೆಯ ದಿನ ಎಳೆದು ಮುಟ್ಟಿ ನೋಡಲಿ. ಕೆಲಸ ನಡೆಯುವ ರಾಶಿಯ ಸಲಾಕೆಯು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿರುವುದು. ಎರಡು ವಾರಕ್ಕೊಮ್ಮೆ ಎರಡನ್ನೂ ತಿರುವಿಹಾಕಿ, ಮೂರನೆಯ ತಿಂಗಳ ಕೊನೆಯಲ್ಲಿ ಊರಿನವರನ್ನು ಕರೆದು ಎರಡು ರಾಶಿಗಳನ್ನೂ ತೋರಿಸಲಿ.

ಗಂಜಲವನ್ನು ಹಿಡಿಯುವುದಕ್ಕೆ ಕೊಟ್ಟಿಗೆಯ ನೆಲವನ್ನು ಇಳಿಜಾರಾಗಿ ಬಿಗಿಮಾಡಿ, ತುದಿಯಲ್ಲಿ ಒಂದು ಸಣ್ಣ ತೊಟ್ಟಿಯನ್ನು ಕಟ್ಟಿಸುವುದಕ್ಕೆ ಹೆಚ್ಚು ವೆಚ್ಚವಾಗದು. ಅದೂ ಆಗದಿದ್ದರೆ ತರಗು ಮತ್ತು ಒಣಮಣ್ಣಿನ ಹಾಸಿಗೆಯೇ ಸಾಕು. ಬೆಂಕಿಯ ಕಡ್ಡಿಗೆ ಹಣ ಬೇಕಾಗದೆಂಬುದು ನಿಜವಾದರೂ, ಅದರಿಂದ ಸುಡುವುದು ಮುಂದಿನ ಬೆಳೆಯ ಆಹಾರವನ್ನು. ಈ ಸುಗ್ಗಿಯಲ್ಲಿ ನಮ್ಮ ಗ್ರಾಮದ ಹತ್ತು ಮಂದಿ ಯಜಮಾನರಾದರೂ ಕಡ್ಡಿ ಗೀರುವುದನ್ನು ಬಿಟ್ಟು ತಕ್ಕಡಿಯನ್ನು ಹಿಡಿದರೆ, ಮುಂದಿನ ಸುಗ್ಗಿಯ ಹೊತ್ತಿಗೆ ಉಳಿದವರಿಗೆ ಬೇರೆ ಉಪದೇಶವೇ ಬೇಕಾಗಲಾರದು.